ಲಿವರ್ ಕೆಟ್ಟು ಕಿಡ್ನಿಗೂ ಏಟು ಬಿದ್ದಾಗ: ಆಯುರ್ವೇದವೋ, ಆಸ್ಪತ್ರೆಯೋ, ಎರಡೂ ಸೇರಿಸಿಯೋ?

ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಸಿರೋಸಿಸ್ (ಲಿವರ್ ಗಂಟುಗಂಟಾಗಿ ಗಟ್ಟಿಯಾಗುವ ಕಾಯಿಲೆ) ರೋಗಿಗೆ ಇದ್ದಕ್ಕಿದ್ದಂತೆ ಮೂತ್ರ ಕಡಿಮೆಯಾಗುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಹೋದ ವಾರ 1.1 ಇದ್ದ ಕ್ರಿಯಾಟಿನಿನ್ 2.8 ಆಗಿರುತ್ತದೆ. ಕಿಡ್ನಿಯ ಕೆಲಸ ತಗ್ಗಿದಷ್ಟೂ ರಕ್ತದಲ್ಲಿ ಏರುವ ಅಂಶ ಇದು. "ಲಿವರ್‌ನಿಂದಾಗಿ ಕಿಡ್ನಿಗೂ ತೊಂದರೆಯಾಗಿದೆ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ" ಅನ್ನುತ್ತಾರೆ ಡಾಕ್ಟರು. ಅದೇ ಸಂಜೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೂರು ಸಲಹೆ ಬಂದು ಬೀಳುತ್ತವೆ. ಡಯಾಲಿಸಿಸ್ ಬೇಡವೇ ಬೇಡ, ಒಮ್ಮೆ ಶುರುವಾದರೆ ಬಿಡಲ್ಲ. ಇಂಥ ಊರಲ್ಲಿ ಪಂಡಿತರೊಬ್ಬರು ಕಷಾಯ ಕೊಡುತ್ತಾರೆ, ಅಲ್ಲಿಗೆ ಹೋಗಿ. ಇಲ್ಲಾಂದ್ರೆ ಎರಡನ್ನೂ ಸೇರಿಸಿ ಮಾಡಿ, ಆಯುರ್ವೇದದಿಂದ ತೊಂದರೆಯಂತೂ ಇಲ್ಲ ಅಲ್ವಾ?

ನನ್ನ ಪ್ರಕಾರ ಈ ಮೂರನೆಯ ಮಾತೇ ಜಾಸ್ತಿ ಅಪಾಯದ್ದು. ಕೇಳೋಕೆ ಜಾಣತನದ ಮಾತಿನ ಹಾಗಿರುತ್ತದೆ, ಅದಕ್ಕೇ ಎಲ್ಲರೂ ಒಪ್ಪಿಬಿಡುತ್ತಾರೆ. ಲಿವರ್ ಕಾಯಿಲೆಯಲ್ಲಿ ಆಯುರ್ವೇದಕ್ಕೆ ಜಾಗ ಎಲ್ಲಿದೆ, ಎಲ್ಲಿಲ್ಲ ಅಂತ ತಿಳಿಯಬೇಕಾದರೆ ಮೊದಲು ಕಿಡ್ನಿ ಯಾಕೆ ನಿಲ್ಲುತ್ತದೆ ಅಂತ ನೋಡಬೇಕು.

ಕಿಡ್ನಿ ಕೆಟ್ಟಿಲ್ಲ, ಅದಕ್ಕೆ ರಕ್ತ ಸಿಗುತ್ತಿಲ್ಲ

ಈ ಸ್ಥಿತಿಗೆ ಡಾಕ್ಟರುಗಳು ಹೆಪಟೋರೀನಲ್ ಸಿಂಡ್ರೋಮ್ ಅನ್ನುತ್ತಾರೆ. ಲಿವರ್ ಗಂಟುಗಂಟಾಗಿ ಗಟ್ಟಿಯಾದಾಗ ಅದರೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಕರುಳಿನ ಕಡೆಯ ರಕ್ತನಾಳಗಳು ಹಿಗ್ಗುತ್ತವೆ, ರಕ್ತವೆಲ್ಲ ಅಲ್ಲೇ ನಿಲ್ಲುತ್ತದೆ. ನಾಲೆಯ ಮೇಲಿನವರು ತೂಬು ಪೂರ್ತಿ ಎತ್ತಿಬಿಟ್ಟರೆ ಕೊನೆಭಾಗದ ರೈತನ ಗದ್ದೆಗೆ ಏನಾಗುತ್ತದೋ, ಕಿಡ್ನಿಗೂ ಅದೇ ಆಗುತ್ತದೆ. ಮೈಯಲ್ಲಿ ನೀರು ಬೇಕಾದಷ್ಟಿದೆ. ಹೊಟ್ಟೆ ಉಬ್ಬಿದೆ, ಕಾಲು ಊದಿದೆ. ಆದರೆ ಕಿಡ್ನಿಗೆ ಬೇಕಾದ ರಕ್ತದ ಒತ್ತಡ ಇಲ್ಲ. ದೇಹ ಗಾಬರಿಬಿದ್ದು ಇನ್ನಷ್ಟು ಉಪ್ಪು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಕಿಡ್ನಿಯ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಮೂತ್ರ ಇನ್ನೂ ಕಡಿಮೆಯಾಗುತ್ತದೆ.

ಕಿಡ್ನಿಯೊಳಗೆ ನಿಜಕ್ಕೂ ಏನೂ ಕೆಟ್ಟಿರುವುದಿಲ್ಲ. ಹೀಗೆ ತೀರಿಕೊಂಡವರ ಕಿಡ್ನಿಯನ್ನು ಬೇರೆಯವರಿಗೆ ಕಸಿ ಮಾಡಿದಾಗ ಅದು ಕೆಲಸ ಮಾಡಿತು ಅನ್ನುವುದು 1969ರಲ್ಲೇ ವರದಿಯಾಗಿದೆ. 1973ರಲ್ಲಿ ಇದರ ಇನ್ನೊಂದು ಮುಖವೂ ಗೊತ್ತಾಯಿತು: ಲಿವರ್ ಕಸಿಯಾದ ಮೇಲೆ ರೋಗಿಯ ಅದೇ ಕಿಡ್ನಿಗಳು ಮತ್ತೆ ಚೇತರಿಸಿಕೊಂಡವು. ಹಾಗಾಗಿ "ಕಿಡ್ನಿ ಶುದ್ಧಿ ಮಾಡುವ ಔಷಧ" ಅಂತ ಯಾರಾದರೂ ಕೊಟ್ಟರೆ, ಅದು ಕೆಡದೇ ಇರುವ ಜಾಗಕ್ಕೆ ಕೊಡುವ ಔಷಧ.

ಇದರಲ್ಲಿ ಎರಡು ಬಗೆ. ಒಂದು ಕೆಲವೇ ದಿನಗಳಲ್ಲಿ ಬಿಗಡಾಯಿಸುವಂಥದ್ದು. ಚಿಕಿತ್ಸೆ ಇಲ್ಲದಿದ್ದರೆ ಅರ್ಧಕ್ಕರ್ಧ ರೋಗಿಗಳು ಎರಡು ವಾರದ ಆಸುಪಾಸಿನಲ್ಲೇ ತೀರಿಕೊಳ್ಳುತ್ತಾರೆ ಅನ್ನುವುದು ಹಳೆಯ ಅಂಕಿ. ಇನ್ನೊಂದು ನಿಧಾನದ್ದು. ಕ್ರಿಯಾಟಿನಿನ್ ತಿಂಗಳುಗಟ್ಟಲೆ 1.8, 2 ಅಂತ ನಿಂತಿರುತ್ತದೆ, ಹೊಟ್ಟೆಯ ನೀರು ತೆಗೆದಷ್ಟೂ ತುಂಬುತ್ತದೆ. ನಿಮ್ಮ ಮನೆಯವರದ್ದು ಯಾವ ಬಗೆ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಯಾವ ದಾರಿ ಅನ್ನುವುದು ಆ ಉತ್ತರದ ಮೇಲೇ ನಿಂತಿದೆ.

ಕ್ರಿಯಾಟಿನಿನ್ ಏರಿದ್ದಕ್ಕೆಲ್ಲ ಇದೇ ಕಾರಣ ಆಗಿರಬೇಕಿಲ್ಲ. ವಾಂತಿ ಭೇದಿಯಿಂದ ನೀರು ಕಳೆದುಕೊಂಡಿರಬಹುದು. ಮಂಡಿನೋವಿಗೆ ನುಂಗಿದ ಡೈಕ್ಲೋಫೆನಾಕ್ ಆಗಿರಬಹುದು. ಹೊಟ್ಟೆಯ ನೀರಿಗೆ ಸೋಂಕು ತಗುಲಿರಬಹುದು. ಅದು ಬಹಳ ಸಾಮಾನ್ಯ, ಎಷ್ಟೋ ಸಲ ಜ್ವರವೂ ಇರುವುದಿಲ್ಲ. ಸೂಜಿ ಹಾಕಿ ಆ ನೀರನ್ನು ಪರೀಕ್ಷೆಗೆ ಕಳಿಸದೆ ಇದನ್ನು ಹೇಳೋಕಾಗಲ್ಲ. ನಾಡಿ ನೋಡಿ ಹೇಳುವ ಸಂಗತಿಯಂತೂ ಅಲ್ಲ. ಯಾವ ಪದ್ಧತಿಯ ಮೇಲೆ ನಿಮಗೆ ನಂಬಿಕೆ ಇದ್ದರೂ ಈ ಪರೀಕ್ಷೆಗಳು ಮೊದಲು ಆಗಲಿ.

ಆಸ್ಪತ್ರೆಯ ದಾರಿ

ಆಸ್ಪತ್ರೆಯಲ್ಲಿ ಮೊದಲು ಕೆಲವು ಮಾತ್ರೆ ನಿಲ್ಲಿಸುತ್ತಾರೆ. ನೀರು ಇಳಿಸುವ ಮಾತ್ರೆ, ನೋವಿನ ಮಾತ್ರೆ, ಕೆಲವು ಬಿಪಿ ಮಾತ್ರೆ ಎಲ್ಲ ಬಂದ್. ಹೊಟ್ಟೆ ಇಷ್ಟು ಉಬ್ಬಿರುವಾಗ ನೀರಿಳಿಸುವ ಮಾತ್ರೆ ಯಾಕೆ ನಿಲ್ಲಿಸಿದರು ಅಂತ ಮನೆಯವರಿಗೆ ಸಿಟ್ಟು ಬರುತ್ತದೆ. ಕೊನೆಭಾಗದಲ್ಲಿರುವ ಕಿಡ್ನಿಗೆ ರಕ್ತ ತಲುಪಿಸುವುದಕ್ಕೆ, ಅಷ್ಟೇ.

ಆಮೇಲೆ ಆಲ್ಬುಮಿನ್ ಡ್ರಿಪ್. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೊಟೀನ್ ಇದು. ತೂಕದ ಕೆಜಿಗೆ 1 ಗ್ರಾಂ ಲೆಕ್ಕ. 60 ಕೆಜಿಯವರಿಗೆ ದಿನಕ್ಕೆ 60 ಗ್ರಾಂ, ಅಂದರೆ ಶೇ. 20ರ 100 ಎಂಎಲ್ ಬಾಟಲಿ ಮೂರು. ಒಂದೆರಡು ದಿನ ಇದನ್ನು ಕೊಟ್ಟು ನೋಡುತ್ತಾರೆ. ಬಾಟಲಿಗೆ ಸಾವಿರಗಟ್ಟಲೆ ಬೆಲೆ, ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ. ಇದರ ಜೊತೆಗೆ ಟರ್ಲಿಪ್ರೆಸಿನ್ ಅನ್ನುವ ಇಂಜೆಕ್ಷನ್. ಹಿಗ್ಗಿದ ಕರುಳಿನ ರಕ್ತನಾಳಗಳನ್ನು ಇದು ಬಿಗಿ ಮಾಡುತ್ತದೆ. ಹೆಚ್ಚೆಂದರೆ 14 ದಿನ ಕೊಡುತ್ತಾರೆ. ನಾಲ್ಕನೇ ದಿನದ ಹೊತ್ತಿಗೆ ಕ್ರಿಯಾಟಿನಿನ್ ಇಳಿಯುತ್ತಿದೆಯಾ ಅಂತ ನೋಡಿ ಮುಂದಿನ ಡೋಸ್ ತೀರ್ಮಾನಿಸುತ್ತಾರೆ.

ಇದೇನು ಮಾಯೆಯ ಮದ್ದಲ್ಲ. 2021ರಲ್ಲಿ ಪ್ರಕಟವಾದ 300 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಟರ್ಲಿಪ್ರೆಸಿನ್ ಪಡೆದವರಲ್ಲಿ ಶೇ. 32ರಷ್ಟು ಮಂದಿಗೆ ಕಿಡ್ನಿ ಮರಳಿತು. ಬರೀ ಆಲ್ಬುಮಿನ್ ಪಡೆದವರಲ್ಲಿ ಶೇ. 17. ಮೂರು ತಿಂಗಳ ಬದುಕಿನ ಲೆಕ್ಕ ತೆಗೆದರೆ ಅಂಥ ಲಾಭ ಕಾಣಲಿಲ್ಲ. ಉಸಿರಾಟದ ತೊಂದರೆ ಈ ಮದ್ದು ಪಡೆದವರಲ್ಲಿ ಜಾಸ್ತಿ ಇತ್ತು. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ, ಆಕ್ಸಿಜನ್ ಕಡಿಮೆ ಇದ್ದವರಿಗೆ ಕೊಡುವುದಿಲ್ಲ. ಅಂಥವರಿಗೆ ಐಸಿಯುನಲ್ಲಿ ನಾರ್ಅಡ್ರಿನಲಿನ್ ಅನ್ನುವ, ರಕ್ತನಾಳ ಬಿಗಿ ಮಾಡುವ ಇನ್ನೊಂದು ಮದ್ದು ನೋಡುತ್ತಾರೆ.

ಡಯಾಲಿಸಿಸ್ ಬಗ್ಗೆ ಎರಡೇ ಮಾತು. ಲಿವರ್ ಕಸಿಯ ದಾರಿಯಲ್ಲಿರುವವರಿಗೆ, ಅಥವಾ ಸರಿಪಡಿಸಬಹುದಾದ ಕಾರಣ ಸಿಕ್ಕವರಿಗೆ ಅದು ಸೇತುವೆ. ಇವೆರಡೂ ಇಲ್ಲದವರಿಗೆ ಬರೀ ಡಯಾಲಿಸಿಸ್‌ನಿಂದ ಹೆಚ್ಚೇನೂ ಸಿಗುವುದಿಲ್ಲ, ಬೇಡ ಅನ್ನುವುದು ತಪ್ಪಲ್ಲ. "ಒಮ್ಮೆ ಶುರುವಾದರೆ ಬಿಡಲ್ಲ" ಅನ್ನುವ ಮಾತು ಮಾತ್ರ ಇಲ್ಲಿ ಸಲ್ಲುವುದಿಲ್ಲ. ಹೊಸ ಲಿವರ್ ಸಿಕ್ಕಿದರೆ ಕಿಡ್ನಿ ಮರಳುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಆಯುರ್ವೇದ ನಿಜವಾಗಿ ಏನು ಹೇಳುತ್ತದೆ

ವಾಟ್ಸಾಪಿನಲ್ಲಿ ಬರುವ ಆಯುರ್ವೇದವೇ ಬೇರೆ, ಸಂಹಿತೆಗಳಲ್ಲಿ, ಅಂದರೆ ಅದರ ಹಳೆಯ ಮೂಲ ಗ್ರಂಥಗಳಲ್ಲಿ, ಇರುವ ಆಯುರ್ವೇದವೇ ಬೇರೆ. ಎರಡನೆಯದು ಎಷ್ಟೋ ಪ್ರಾಮಾಣಿಕ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 13ನೇ ಅಧ್ಯಾಯ ಪೂರ್ತಿ ಉದರ ರೋಗಗಳದ್ದು. ಎಂಟು ಬಗೆ, ಅದರಲ್ಲಿ ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ ಒಂದು. ರೋಗಿಗೆ ಬಲ ಇರಬೇಕು, ಕಾಯಿಲೆ ಹೊಸದಾಗಿರಬೇಕು, ನೀರು ಇನ್ನೂ ಕೂಡಿರಬಾರದು, ಹಾಗಿದ್ದರೆ ಪ್ರಯತ್ನಪಟ್ಟು ವಾಸಿ ಮಾಡಬಹುದು ಅನ್ನುತ್ತಾನೆ ಚರಕ. ನೀರು ತುಂಬಿದ ಮೇಲೆ ಬಹುಮಟ್ಟಿಗೆ ಕೈಮೀರಿದ್ದು. ಕೊನೆಯ ಪ್ರಯತ್ನಕ್ಕೆ ಇಳಿಯುವ ಮೊದಲು ವೈದ್ಯ ರೋಗಿಯ ಹೆಂಡತಿ, ನೆಂಟರು, ಸ್ನೇಹಿತರಿಗೆ ಹೇಳಬೇಕಂತೆ: ಚಿಕಿತ್ಸೆ ಮಾಡದಿದ್ದರೆ ಸಾವು ಖಂಡಿತ, ಮಾಡಿದರೂ ಅನುಮಾನವೇ. ಅವರು ಒಪ್ಪಿದ ಮೇಲಷ್ಟೇ ಕೈ ಹಾಕಬೇಕು. ಇವತ್ತು "90 ದಿನದಲ್ಲಿ ಸಿರೋಸಿಸ್ ಮಾಯ" ಅಂತ ಬೋರ್ಡು ಹಾಕುವವರು ಈ ಶ್ಲೋಕವನ್ನು ಗೋಡೆಗೆ ಬರೆಸಿಕೊಂಡರೆ ಒಳ್ಳೆಯದಿತ್ತು.

ಸುಶ್ರುತ ಇನ್ನೂ ಸೋಜಿಗ. ಹೊಟ್ಟೆಯ ನೀರು ತೆಗೆಯುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆದಿದ್ದಾನೆ. ರೋಗಿಗೆ ಎಣ್ಣೆ ಸವರಿ, ಬಿಸಿನೀರಿನಲ್ಲಿ ಬೆವರಿಸಿ, ಆಪ್ತರು ಹಿಡಿದುಕೊಂಡಿರುವಾಗ, ಹೊಕ್ಕುಳ ಕೆಳಗೆ ಎಡಗಡೆ, ನಡುವಿನ ಕೂದಲ ಸಾಲಿನಿಂದ ನಾಲ್ಕು ಅಂಗುಲ ಬಿಟ್ಟು ಚುಚ್ಚಬೇಕು. ಲೋಹದ ನಳಿಗೆ ಅಥವಾ ಹಕ್ಕಿಯ ಗರಿಯ ದಂಟು ಜೋಡಿಸಿ ನೀರು ಇಳಿಸಬೇಕು. ಆಮೇಲೆ ಬರುತ್ತದೆ ಮುಖ್ಯ ಮಾತು. ಎಲ್ಲ ನೀರನ್ನೂ ಒಂದೇ ದಿನ ತೆಗೆಯಬೇಡ. ತೆಗೆದರೆ ಬಾಯಾರಿಕೆ, ಜ್ವರ, ಮೈಕೈ ನೋವು, ಭೇದಿ, ಉಸಿರುಕಟ್ಟು ಬರುತ್ತವೆ, ಹೊಟ್ಟೆ ಮೊದಲಿಗಿಂತ ಜೋರಾಗಿ ತುಂಬಿಕೊಳ್ಳುತ್ತದೆ. ನಡುವೆ ದಿನ ಬಿಟ್ಟು ಸ್ವಲ್ಪ ಸ್ವಲ್ಪ ತೆಗೆ, ತೆಗೆದ ಮೇಲೆ ಹೊಟ್ಟೆಯನ್ನು ಬಟ್ಟೆಯಿಂದಲೋ ತೊಗಲಿನಿಂದಲೋ ಬಿಗಿಯಾಗಿ ಸುತ್ತು.

ಇವತ್ತಿನ ಆಸ್ಪತ್ರೆಯಲ್ಲೂ ಇದೇ ಭಯ. 5 ಲೀಟರಿಗಿಂತ ಹೆಚ್ಚು ನೀರು ತೆಗೆದರೆ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡಲೇಬೇಕು. ಇಲ್ಲವಾದರೆ ರಕ್ತದ ಒತ್ತಡ ಕುಸಿದು ಕಿಡ್ನಿ ನಿಲ್ಲಬಹುದು. ಸುಶ್ರುತನಿಗೆ ಆಲ್ಬುಮಿನ್ ಗೊತ್ತಿರಲಿಲ್ಲ, ಆದರೆ ನೀರು ಸರ್ರನೆ ಹೋದರೆ ರೋಗಿ ಇನ್ನಷ್ಟು ಕೆಡುತ್ತಾನೆ ಅಂತ ಗೊತ್ತಿತ್ತು. ಮನೆಯಲ್ಲಿ ಆಯುರ್ವೇದವೇ ಬೇಕು ಅಂತ ಹಟ ಹಿಡಿದಿರುವ ಹಿರಿಯರಿದ್ದರೆ ಅವರಿಗೆ ಈ ಭಾಗವನ್ನು ಓದಿ ಹೇಳಿ.

ಉಪ್ಪಿನ ವಿಷಯದಲ್ಲೂ ಎರಡು ಪದ್ಧತಿಯ ಮಾತು ಒಂದೇ. ಉದರ ರೋಗಿ ಉಪ್ಪು ಬಿಡಬೇಕು ಅನ್ನುತ್ತಾನೆ ಚರಕ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ದಾಟಬೇಡಿ ಅನ್ನುತ್ತಾರೆ ಡಾಕ್ಟರು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ.

ಬೇರೆಯಾಗುವುದು ಎಲ್ಲಿ?

ವಿರೇಚನದಲ್ಲಿ. ಉದರ ರೋಗಿಗೆ ದಿನವೂ ಭೇದಿ ಮಾಡಿಸು ಅನ್ನುವುದು ಹಳೆಯ ಸೂತ್ರ. ಹರಳೆಣ್ಣೆ, ಗೋಮೂತ್ರ ಹರೀತಕಿ, ಕಟುಕರೋಹಿಣಿ, ಕೆಲವರ ಕೈಯಲ್ಲಿ ಜಾಪಾಳ (ಜೋರಾಗಿ ಭೇದಿ ಮಾಡಿಸುವ ಬೀಜ) ಸೇರಿದ ಇಚ್ಛಾಭೇದಿ ರಸ. ಜೊತೆಗೆ ಮೂತ್ರ ಹೆಚ್ಚಿಸುವ ಪುನರ್ನವ, ನೆಗ್ಗಿಲು. ಹೊಟ್ಟೆಯ ನೀರಷ್ಟೇ ತೊಂದರೆ, ಕಿಡ್ನಿ ಗಟ್ಟಿಯಾಗಿದೆ ಅನ್ನುವಾಗ ಈ ತರ್ಕ ಅರ್ಥವಾಗುತ್ತದೆ. ಆದರೆ ಮೂತ್ರ ನಿಂತ ವಾರದಲ್ಲಿ ರೋಗಿಗೆ ಬೇಕಾಗಿರುವುದು ರಕ್ತನಾಳದೊಳಗೆ ನೀರು. ಆಗ ಭೇದಿ ಮಾಡಿಸುವುದು ಅಂದರೆ ಇರುವುದನ್ನೂ ಹೊರಗೆ ಚೆಲ್ಲಿದ ಹಾಗೆ. ಒಂದು ಕಡೆ ಆಲ್ಬುಮಿನ್ ಹತ್ತಿಸುತ್ತಾ ಇನ್ನೊಂದು ಕಡೆ ಗುಟ್ಟಾಗಿ ಕಷಾಯ ಕುಡಿಸಿದರೆ ಎರಡೂ ಒಂದನ್ನೊಂದು ಕಡಿಯುತ್ತವೆ. "ಎರಡೂ ಸೇರಿಸಿ" ಅನ್ನುವ ಸಲಹೆ ಇಲ್ಲೇ ಮುಗ್ಗರಿಸುವುದು.

ನ್ಯಾಯವಾಗಿ ಹೇಳಬೇಕೆಂದರೆ ಮಲ ಸಡಿಲಿಸಲು ಆಸ್ಪತ್ರೆಯಲ್ಲಿ ಕೊಡುವ ಲ್ಯಾಕ್ಟುಲೋಸ್ ಸಿರಪ್‌ನಿಂದಲೂ ಇದೇ ಅನಾಹುತ ಆಗುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋದರೆ ಸಾಕು. ಆರೇಳು ಸಲ ಹೋಗುತ್ತಿದ್ದರೆ ಡೋಸ್ ಇಳಿಸಬೇಕು ಅಂತ ಡಾಕ್ಟರಿಗೆ ಫೋನ್ ಮಾಡಿ ಹೇಳಿ.

ಬಾಟಲಿ ತಿರುಗಿಸಿ ಲೇಬಲ್ ಓದಿ

ಲಿವರ್ ರೋಗಿಗೆ ಅಂತ ಕೊಡುವ ರೋಹಿತಕಾರಿಷ್ಟ, ಕುಮಾರ್ಯಾಸವ, ಪುನರ್ನವಾಸವದ ಬಾಟಲಿ ಕೈಗೆ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ತಾನಾಗಿ ಹುಟ್ಟಿದ ಆಲ್ಕೋಹಾಲ್ ಇಷ್ಟು ಅಂತ ಇರುತ್ತದೆ. ಸಾಮಾನ್ಯವಾಗಿ ಶೇ. 5ರಿಂದ 10. ಆಸವ, ಅರಿಷ್ಟ ಅಂದರೇ ಹುದುಗು ಬರಿಸಿದ ಮದ್ದು. ಬಿಯರ್‌ನಷ್ಟೋ ಅದಕ್ಕಿಂತ ಜಾಸ್ತಿಯೋ ಕಡುಪು. ಕುಡಿತದಿಂದ ಲಿವರ್ ಹೋದವರಿಗೆ ಊಟವಾದ ಮೇಲೆ ದಿನಕ್ಕೆರಡು ಸಲ ಇದನ್ನೇ ಕೊಡುತ್ತಾರೆ! ಪ್ರಮಾಣ ಚಿಕ್ಕದು, ಒಪ್ಪೋಣ. ಆದರೂ ಆ ಬಾಯಿಗೆ ಆ ರುಚಿ ಮತ್ತೆ ತಾಗಿಸುವುದು ಯಾಕೆ?

ಆರೋಗ್ಯವರ್ಧಿನಿ ವಟಿಯಲ್ಲಿ ಕಟುಕರೋಹಿಣಿಯೇ ಹೆಚ್ಚು. ಜೊತೆಗೆ ಶುದ್ಧಿ ಮಾಡಿದ ಪಾದರಸ, ಗಂಧಕ, ತಾಮ್ರ ಭಸ್ಮ, ಲೋಹ ಭಸ್ಮಗಳೂ ಇವೆ. ಹೊರಗೆ ಹಾಕಬೇಕಾದ ಕಿಡ್ನಿಯೇ ನಿಂತಿರುವಾಗ ಪಾದರಸ ಎಲ್ಲಿಗೆ ಹೋಗುತ್ತದೆ? ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಅಂತ ಇಂಥ ಔಷಧಗಳ ಲೇಬಲ್ ಮೇಲೆ ಬರೆಯುವುದು ಕಾನೂನೇ. ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ ಆಯುರ್ವೇದ ಔಷಧಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದ್ದರು. 70ರಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಹೊರದೇಶದಲ್ಲಿರುವ ನಮ್ಮವರು ಊರಿಂದ ತರಿಸಿಕೊಳ್ಳುವಾಗ ಇದು ನೆನಪಿರಲಿ.

ಶ್ವೇತ ಪರ್ಪಟಿ ಮೂತ್ರಕ್ಕೆ ಒಳ್ಳೆಯದು ಅಂತ ಹೆಸರುವಾಸಿ. ಅದರ ಮುಖ್ಯ ಸಾಮಗ್ರಿ ಪೊಟ್ಯಾಸಿಯಂ ನೈಟ್ರೇಟ್. ಕಿಡ್ನಿ ನಿಂತಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಎಳನೀರು, ಬಾಳೆದಿಂಡಿನ ರಸ, ಅಂಗಡಿಯ "ಕಡಿಮೆ ಸೋಡಿಯಂ" ಉಪ್ಪು ಇವಕ್ಕೂ ಇದೇ ಮಾತು. ಧಾರೆಹುಳಿ, ಬಿಂಬುಳಿ ರಸವಂತೂ ಬೇಡವೇ ಬೇಡ. ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಕೇರಳದಲ್ಲಿ ಬಿಂಬುಳಿ ರಸ ಕುಡಿದು ಕಿಡ್ನಿ ನಿಂತವರ ಬಗ್ಗೆ ಡಾಕ್ಟರುಗಳು ವರದಿ ಬರೆದಿದ್ದಾರೆ. ಅತಿಮಧುರ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ. ಈಶ್ವರಿ ಬಳ್ಳಿಯ ಬೇರಿನಲ್ಲಿ ಕಿಡ್ನಿಗೆ ನೇರವಾಗಿ ವಿಷವಾಗುವ ಅಂಶ ಇದೆ.

ಅಮೃತಬಳ್ಳಿ ಬಗ್ಗೆ ಜಗಳ ಇದೆ. ಅದನ್ನು ಕುಡಿದವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈನ ಡಾಕ್ಟರುಗಳು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಜಗಳ ಅವರದ್ದು ಇರಲಿ. ಇರುವ ಚೂರುಪಾರು ಲಿವರ್ ಇಟ್ಟುಕೊಂಡು ಪ್ರಯೋಗ ಮಾಡುವ ಹೊತ್ತಂತೂ ಇದಲ್ಲ. ಕಾಮಾಲೆಗೆ ತೋಳಿನ ಮೇಲೆ ಬರೆ ಹಾಕಿಸುವುದು, ಮೂಗಿಗೆ ರಸ ಬಿಡಿಸುವುದು ಸಿರೋಸಿಸ್ ರೋಗಿಗೆ ಸೋಂಕಿನ ದಾರಿ, ಅಷ್ಟೇ.

ಹಾಗಾದರೆ ಆಯುರ್ವೇದಕ್ಕೆ ಜಾಗ ಎಲ್ಲಿ?

ಸಿರೋಸಿಸ್ ಇದೆ, ಕಿಡ್ನಿ ಇನ್ನೂ ಚೆನ್ನಾಗಿದೆ, ಕುಡಿತ ಬಿಟ್ಟಾಗಿದೆ ಅನ್ನುವ ಹಂತದಲ್ಲಿ ಒಳ್ಳೆಯ ಬಿಎಎಂಎಸ್ ವೈದ್ಯರಿಂದ ಉಪಯೋಗ ಇದೆ. ಪಥ್ಯ ಕೂರಿಸುವುದು ಅವರಿಗೆ ಗೊತ್ತು. ಹಸಿವು, ನಿದ್ದೆ, ಮಲಬದ್ಧತೆ ಕೂತು ಕೇಳುತ್ತಾರೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಷ್ಟು ಹೊತ್ತು ಯಾರು ಕೊಡುತ್ತಾರೆ ಹೇಳಿ? ಒಂದೇ ತಕರಾರು, ಉದರ ರೋಗಿಗೆ ಹೇಳುವ ಬರೀ ಹಾಲಿನ ಪಥ್ಯದ ಬಗ್ಗೆ. ಸಿರೋಸಿಸ್ ರೋಗಿಯ ಸ್ನಾಯು ಮೊದಲೇ ಕರಗಿರುತ್ತದೆ, ತೂಕದ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ರಾತ್ರಿ ಮಲಗುವ ಮುಂಚೆ ಒಂದು ಲೋಟ ರಾಗಿ ಗಂಜಿ ಕುಡಿಸಿದರೆ ಬೆಳಿಗ್ಗೆ ತನಕದ ಉಪವಾಸ ತಪ್ಪುತ್ತದೆ. ಉಪವಾಸ ಹಾಕಿಸುವ ವೈದ್ಯರನ್ನು ಬಿಟ್ಟುಬಿಡಿ.

ನಿಧಾನದ ಬಗೆಯವರಿಗೆ, ಕಸಿಗೆ ಹೆಸರು ಬರೆಸಿ ಕಾಯುತ್ತಿರುವವರಿಗೆ, ನನ್ನ ಆಯ್ಕೆ ಆಸ್ಪತ್ರೆಯ ಫಾಲೋಅಪ್ ಜೊತೆಗೆ ಪಥ್ಯದ ಮಟ್ಟದ ಆಯುರ್ವೇದ. ಒಳಗೆ ತೆಗೆದುಕೊಳ್ಳುವ ಔಷಧ ಬೇಡ. ವೈದ್ಯರ ನೋಂದಣಿ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿಯಲ್ಲಿ ಇದೆಯಾ ಅಂತ ಕೇಳಿ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ವರದಿ ಮೇಜಿನ ಮೇಲಿಡಿ. ಅದನ್ನು ಓದಿ, "ಇದು ನನ್ನ ಕೈಯಲ್ಲಿಲ್ಲ, ಈಗಲೇ ಅಡ್ಮಿಟ್ ಮಾಡಿ" ಅನ್ನುವ ವೈದ್ಯರು ಸಿಕ್ಕಿದರೆ ಅವರೇ ನಂಬಿಕಸ್ಥರು. ವರದಿ ಮುಟ್ಟದೆ ಪೊಟ್ಟಣ ಕಟ್ಟುವವರು, ಸಾಮಗ್ರಿ ಹೇಳದವರು, ಆಸ್ಪತ್ರೆಯ ಮಾತ್ರೆ ಎಲ್ಲ ಬಿಡಿ ಅನ್ನುವವರ ಹತ್ತಿರ ಕೂರಲೂ ಬೇಡಿ. ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿ 1954ರ ಕಾಯಿದೆಯಲ್ಲೇ ಇದೆ. ಮೈಯಲ್ಲಿ ನೀರು ತುಂಬುವ ಕಾಯಿಲೆ ಆ ಪಟ್ಟಿಯಲ್ಲಿದೆ.

ಮೂತ್ರ ದಿನಕ್ಕೆ ಅರ್ಧ ಲೀಟರಿಗಿಂತ ಕೆಳಗೆ ಇಳಿದರೆ, ಮಾತು ತೊದಲಿದರೆ, ಹಗಲು ರಾತ್ರಿಯ ನಿದ್ದೆ ಅದಲುಬದಲಾದರೆ, ಮಲ ಕಪ್ಪಾದರೆ, ಹೊಟ್ಟೆ ನೋವು ಬಂದರೆ ಹೋಲಿಕೆ ಸಾಕು ಮಾಡಿ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಒಂದು ಅಳತೆಯ ಜಗ್ ಇಟ್ಟು ಮೂತ್ರ ಅಳೆದು ಬರೆದಿಡುವುದು ಯಾವ ಕಷಾಯಕ್ಕಿಂತಲೂ ಕೆಲಸಕ್ಕೆ ಬರುತ್ತದೆ.

ಕಸಿ ಮತ್ತು ದುಡ್ಡು

ಈ ಕಾಯಿಲೆಗೆ ಬೇರು ಸಮೇತ ಉತ್ತರ ಲಿವರ್ ಕಸಿ ಒಂದೇ. ಖಾಸಗಿ ಆಸ್ಪತ್ರೆಯಲ್ಲಿ 20 ಲಕ್ಷ ದಾಟುವುದು ಸಾಮಾನ್ಯ. ಮೃತರ ಅಂಗಕ್ಕೆ ಕರ್ನಾಟಕದಲ್ಲಿ ಜೀವಸಾರ್ಥಕತೆ ಅನ್ನುವ ಅಂಗಾಂಗ ದಾನ ಸಂಸ್ಥೆಯ ಪಟ್ಟಿ ಇದೆ, ಆಸ್ಪತ್ರೆಯೇ ಹೆಸರು ಸೇರಿಸುತ್ತದೆ. ಮನೆಯವರೇ ಲಿವರ್‌ನ ಭಾಗ ಕೊಡಬಹುದು: ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು. ಬಿಪಿಎಲ್ ಕಾರ್ಡಿನವರು ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ನೆರವಿನ ಬಗ್ಗೆ ಆಸ್ಪತ್ರೆಯಲ್ಲಿರುವ ಅದರ ಸಹಾಯಕರಾದ ಆರೋಗ್ಯಮಿತ್ರರನ್ನು ಮೊದಲ ದಿನವೇ ಕೇಳಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆವರಣದ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇಂಥ ರೋಗಿಗಳಿಗೇ ಇರುವುದು.

ಕಸಿಗೆ ಆರು ತಿಂಗಳು ಕುಡಿತ ಬಿಟ್ಟಿರಲೇಬೇಕು ಅಂದುಕೊಂಡು ಕೆಲವರು ಡಾಕ್ಟರನ್ನು ಕೇಳದೆಯೇ ವಾಪಸ್ ಬರುತ್ತಾರೆ. ಎಲ್ಲ ಕಡೆ ಅದು ಕಲ್ಲಿನ ಮೇಲಿನ ಗೆರೆಯಲ್ಲ, ಕೇಳಿ ನೋಡಿ. ತಡ ಮಾತ್ರ ಬೇಡ. ಡಯಾಲಿಸಿಸ್ ಒಂದೂವರೆ ಎರಡು ತಿಂಗಳಿಗೆ ಎಳೆದರೆ ಕಿಡ್ನಿ ಮರಳುವ ಭರವಸೆ ತಗ್ಗುತ್ತದೆ, ಆಗ ಲಿವರ್ ಜೊತೆ ಕಿಡ್ನಿಯನ್ನೂ ಕಸಿ ಮಾಡಬೇಕಾಗಬಹುದು. ಊರೂರು ಸುತ್ತಿ ಔಷಧ ತರುವುದರಲ್ಲಿ ಕಳೆಯುವುದು ಈ ವಾರಗಳನ್ನೇ.

ಕಸಿ ಆಗುವಂತಿಲ್ಲ, ಇಂಜೆಕ್ಷನ್‌ಗೂ ಮೈ ಒಗ್ಗಲಿಲ್ಲ ಅನ್ನುವ ರೋಗಿಗಳೂ ಇರುತ್ತಾರೆ. ಇಂಥ ಹೊತ್ತಿನಲ್ಲೇ ಮನೆಯವರು ಕೊನೆಯ ಆಸೆ ಅಂತ ದೂರದ ಆಯುರ್ವೇದ ಕೇಂದ್ರಕ್ಕೆ ಆಂಬುಲೆನ್ಸಿನಲ್ಲಿ ಕರೆದೊಯ್ಯುವುದು. ಆ ಪ್ರಯಾಣ ಬೇಡ ಅಂತ ನಾನು ಹೇಳುತ್ತೇನೆ. ನೋವು ನಿವಾರಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ತಂಡವನ್ನು ಕೇಳಿ. ಉಬ್ಬಸ ತಗ್ಗಲು ಬೇಕಾದಷ್ಟೇ ಹೊಟ್ಟೆಯ ನೀರು ತೆಗೆಯುತ್ತಾರೆ. ತುರಿಕೆಗೆ, ವಾಕರಿಕೆಗೆ, ನಿದ್ದೆಗೆ ಔಷಧ ಇದೆ. ಘನತೆಯ ಸಾವಿನ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರಲು ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ವೆಂಟಿಲೇಟರ್ ಬೇಕೋ ಬೇಡವೋ ಅಂತ ರೋಗಿಗೆ ಅರಿವು ಇರುವಾಗಲೇ ಅವರನ್ನೇ ಕೇಳಬಹುದು. ಆ ದಿನಗಳಲ್ಲಿ ಅಂಗಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಬೇಕು ಅನ್ನಿಸಿದರೆ, ಒಂದು ಲೋಟ ತೆಳ್ಳನೆ ಮಜ್ಜಿಗೆ ಬೇಕು ಅಂದರೆ, ಯಾವ ಡಾಕ್ಟರೂ ಅಡ್ಡ ಬರುವುದಿಲ್ಲ.